ಮರೆತರೆ ಇನ್ನೊಂದು ಸಲ

ಕುಕ್ಕರಿನ ಗ್ಯಾಸ್ಕೆಟ್ಟಿಗೋಸ್ಕರ ಮನೆ ಮಾರುವುದಿಲ್ಲ ಎಂದು ಹಟ ಹಿಡಿದವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ದಿನಾ ನೋಡುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಕರಿಬೇವಿನ ಗಿಡದ ಬುಡ ಅವರ ಕಡೆ, ರೆಂಬೆ ನಮ್ಮ ಕಡೆ. ಹೀಗಾಗಿ ಮಾತಿಗೆ ನೆಪ ಹುಡುಕುವ ಕಷ್ಟ ಇಬ್ಬರಿಗೂ ಇಲ್ಲ. ಒಗ್ಗರಣೆಗೆ ಎರಡು ಎಸಳು ಕಿತ್ತುಕೊಳ್ಳಲು ಹೋದವಳು ಒಳಗೆ ಬರುವಷ್ಟರಲ್ಲಿ ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಗಿರುತ್ತದೆ.

ಅವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಬೀದಿಗೆಲ್ಲ ಅವರು ಮಿಸ್ಸು. ಸೊಪ್ಪಿನ ಗಾಡಿಯವನಿಗೂ ಮಿಸ್ಸು, ಮಾಜಿ ಕಾರ್ಪೊರೇಟರಿಗೂ ಮಿಸ್ಸು. ನನ್ನ ಮಕ್ಕಳಿಬ್ಬರೂ ಅವರ ಕೈಯಲ್ಲಿ ಪಾಣಿಪತ್ ಯುದ್ಧಗಳನ್ನು ಬಾಯಿಪಾಠ ಮಾಡಿದವರಾದ್ದರಿಂದ ನನಗೂ ಅವರು ಮಿಸ್ಸೇ.

ಮನೆ ಅವರ ಮಾವನವರ ಕಾಲದ್ದು. ಮುಂದೆ ಮಂಗಳೂರು ಹೆಂಚಿನ ಜಗಲಿ, ಒಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಮದ್ರಾಸ್ ತಾರಸಿ. ಇಂಥ ಮನೆ ಕಂಡರೆ ಬ್ರೋಕರುಗಳಿಗೆ ನಿದ್ದೆ ಬರುವುದಿಲ್ಲ. ಒಬ್ಬನಂತೂ ಬಿಡದೆ ಬರುತ್ತಾನೆ. 'ಜಾಯಿಂಟ್ ಡೆವಲಪ್‌ಮೆಂಟ್ ಮಾಡಿಸೋಣ ಮೇಡಂ, ನಿಮಗೆ ಎರಡು ಫ್ಲ್ಯಾಟು, ಮೇಲೆ ಇಷ್ಟು ದುಡ್ಡು' ಅನ್ನುತ್ತಾನೆ. ಮೊನ್ನೆ ಬಂದಾಗ ಬೆರಳು ಮಡಚಿ ಮಡಚಿ ಹೇಳುತ್ತಿದ್ದ: 'ಮೆಟ್ರೋ ವಾಕಬಲ್, ಮಾರ್ಕೆಟ್ ವಾಕಬಲ್, ಆಸ್ಪತ್ರೆ ವಾಕಬಲ್, ದೇವಸ್ಥಾನ ವಾಕಬಲ್. ದುಡ್ಡು ಕೊಟ್ರೂ ಇಂಥ ಲೊಕೇಶನ್ ಸಿಕ್ಕಲ್ಲ ಮೇಡಂ!'

'ಸಿಕ್ಕಲ್ಲ ಅಂತ ನೀನೇ ಹೇಳ್ತೀಯಲ್ಲಪ್ಪಾ, ಸಿಕ್ಕಿರೋಳು ನಾನ್ಯಾಕೆ ಬಿಟ್ಟು ಹೋಗ್ಲಿ?' ಅಂದರು ಮಿಸ್ಸು.

ಅವನು ಹೋದ ಮೇಲೆ ನನ್ನ ಕಡೆ ತಿರುಗಿ ನಿಜವಾದ ಕಾರಣ ಹೇಳಿದರು. ಅದೇ ಗ್ಯಾಸ್ಕೆಟ್ಟಿನ ಕತೆ. ಅವರ ಮಗ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಹದಿನೆಂಟನೇ ಮಹಡಿಯಲ್ಲಿದ್ದಾನೆ. ಒಂದು ಬೇಸಿಗೆ ಅಲ್ಲಿಗೆ ಹೋಗಿದ್ದಾಗ ಕುಕ್ಕರಿನ ಗ್ಯಾಸ್ಕೆಟ್ಟು ಹರಿಯಿತು. ಮಗ ಫೋನಿನಲ್ಲೇ ಆರ್ಡರ್ ಮಾಡಿದ. ಬಂದದ್ದು ದೊಡ್ಡದು. ವಾಪಸು ಕಳಿಸಿದರು. ಮತ್ತೆ ಬಂದದ್ದು ಅಳತೆಗೆ ಸರಿಯಿತ್ತು, ಕಂಪನಿ ಬೇರೆ. ಆವಿಯೆಲ್ಲ ಪಕ್ಕದಿಂದ ಸೋರಿ ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ಕೊನೆಗೆ ಸೊಸೆ ಬೇಸತ್ತು ಹೊಸ ಕುಕ್ಕರನ್ನೇ ತರಿಸಿದಳಂತೆ. 'ಮೂವತ್ತು ವರ್ಷದ ಕುಕ್ಕರು ಕಣೇ, ತಳ ಇನ್ನೂ ಗಟ್ಟಿಮುಟ್ಟಾಗಿತ್ತು' ಎಂದು ಮಿಸ್ಸು ಈಗಲೂ ಕೊರಗುತ್ತಾರೆ. ಇಲ್ಲಾದರೆ ಏನು ಮಾಡುತ್ತಿದ್ದರು ಹೇಳಿ? ಹಳೇ ಗ್ಯಾಸ್ಕೆಟ್ಟನ್ನು ಬಳೆಯ ಹಾಗೆ ಮುಂಗೈಗೆ ಹಾಕಿಕೊಂಡು ಪಾತ್ರೆ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವನು ಅವರ ಕೈ ನೋಡಿಯೇ, ಮಾತಾಡದೆ, ಮೊಳೆಗೆ ನೇತು ಹಾಕಿದ ಗೊಂಚಲಿನಿಂದ ಒಂದನ್ನು ತೆಗೆದು ಕೊಡುತ್ತಿದ್ದ. ಸರಿಯಾಗದಿದ್ದರೆ ಸಂಜೆ ಮತ್ತೆ ಹೋಗುತ್ತಿದ್ದರು. ಹೇಗೂ ಸಂಜೆ ಆ ಕಡೆ ಹೂವಿಗೆ ಹೋಗುವುದಿದ್ದೇ ಇದೆ.

ಈ 'ಹೇಗೂ' ಅನ್ನುವುದರಲ್ಲೇ ನಮ್ಮ ಪೇಟೆಯ ಸಂಸಾರದ ಗುಟ್ಟೆಲ್ಲ ಇದೆ ಅನ್ನಿಸುತ್ತದೆ ನನಗೆ. ಹಳೇ ಬಡಾವಣೆಯಲ್ಲಿ ಇರುವ ಸುಖ ಏನು ಅಂತ ಕೇಳಿದರೆ ಜನ ಮರ ಅನ್ನುತ್ತಾರೆ, ಪರಂಪರೆ ಅನ್ನುತ್ತಾರೆ, ಸಂಸ್ಕೃತಿ ಅನ್ನುತ್ತಾರೆ. ಇರಲಿ, ಇಲ್ಲ ಅನ್ನುವುದಿಲ್ಲ. ಆದರೆ ದಿನ ಬೆಳಗಾದರೆ ಅನುಭವಕ್ಕೆ ಬರುವ ಸುಖ ಇನ್ನೊಂದಿದೆ: ಇಲ್ಲಿ ಮರೆವಿಗೆ ದಂಡ ಇಲ್ಲ. ಕೊತ್ತಂಬರಿ ಮರೆತೆ, ಹೋಗಿ ತಂದೆ. ಬರುವಾಗ ಬೆಂಕಿಪೊಟ್ಟಣ ಮರೆತೆ, ಮಗನನ್ನು ಓಡಿಸಿದೆ. ಸೀರೆಗೆ ಫಾಲ್ ಹಾಕಲು ಕೊಟ್ಟು ಬಂದವಳಿಗೆ ಕುಚ್ಚು ಕಟ್ಟಲು ಹೇಳಲಿಲ್ಲ ಅಂತ ಮಧ್ಯಾಹ್ನ ನೆನಪಾಯಿತು, ಊಟ ಅರಗಿದ ಹಾಗಾಯಿತು ಎಂದು ಇನ್ನೊಂದು ಸಲ ಹೋದೆ. ವೈಟ್‌ಫೀಲ್ಡಿನಲ್ಲಿ ಮಿಸ್ಸಿನ ಸೊಸೆ ಶನಿವಾರ ಬೆಳಿಗ್ಗೆ ಒಂದು ಪಟ್ಟಿ ಬರೆಯುತ್ತಾಳೆ. ವಾರಕ್ಕೆ ಬೇಕಾದ್ದೆಲ್ಲ ಅದರಲ್ಲಿ ಇರಲೇಬೇಕು. ಕಾರು ತೆಗೆದು, ಬೇಸ್‌ಮೆಂಟಿನಿಂದ ಮೇಲೆ ಬಂದು, ಸಿಗ್ನಲ್ಲಿನಲ್ಲಿ ನಿಂತು, ಮಾಲಿನ ಬೇಸ್‌ಮೆಂಟಿಗೆ ಮತ್ತೆ ಇಳಿಯಬೇಕಾದವಳಿಗೆ ಮರೆಯುವ ಹಕ್ಕು ಎಲ್ಲಿಂದ ಬರಬೇಕು? ಪಾಪ, ಆ ಹುಡುಗಿ ಯುದ್ಧಕ್ಕೆ ರಸದ್ದು ಜೋಡಿಸುವ ಸೇನಾಪತಿ ಅನ್ನುತ್ತಾರೆ ಮಿಸ್ಸು.

'ಈಗ ಹತ್ತು ನಿಮಿಷದಲ್ಲಿ ಮನೆಗೇ ತಂದುಕೊಡ್ತಾರಲ್ಲಾ ಮಿಸ್, ಆಪ್‌ನಲ್ಲಿ?' ಅಂದೆ.

'ತಂದುಕೊಡ್ತಾರೆ. ಆ ಹುಡುಗ ಬೆಲ್ ಒತ್ತಿ ಚೀಲ ಇಟ್ಟು ಓಡ್ತಾನೆ. ಒಂದು ಸಮಾಚಾರ ತರ್ತಾನಾ?'

ಅದೂ ನಿಜ. ನಮ್ಮಲ್ಲಿ ಅರ್ಧ ಕೇಜಿ ಹುರುಳಿಕಾಯಿ ತರಲು ಹೋದವರು ಅರ್ಧ ಬೀದಿಯ ಸಮಾಚಾರ ತರುತ್ತಾರೆ.

ಹೀಗೆ ಎಲ್ಲವೂ ಕಾಲಳತೆಯಲ್ಲಿ ಇರುವುದು ದೇವರು ಕೊಟ್ಟ ವರವೇನೂ ಅಲ್ಲ. ಇದರ ಬಗ್ಗೆ ಮಿಸ್ಸಿನ ಪಾಠ ಕೇಳಬೇಕು ನೀವು. ಕಾಂಪೌಂಡಿನ ಮೇಲೆ ಎರಡೂ ಕೈ ಊರಿ ನಿಂತರೆಂದರೆ ಪೀರಿಯಡ್ ಶುರು. ಚಾಮರಾಜಪೇಟೆ ಎದ್ದದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಕೆಂಪೇಗೌಡರ ಹಳೇ ಪೇಟೆಯ ಇಕ್ಕಟ್ಟಿನಿಂದ ಹೊರಗೆ, ಮೇನು ಕ್ರಾಸು ಅಂತ ನೆಟ್ಟಗೆ ಗೆರೆ ಎಳೆದು ಕಟ್ಟಿದ ಬಡಾವಣೆ. ಆಗ ಕಾರು ಎಲ್ಲಿತ್ತು? ಉಳ್ಳವರಿಗೆ ಜಟಕಾ, ಉಳಿದವರಿಗೆ ಕಾಲು. ಕಚೇರಿ, ಅಂಗಡಿ, ಶಾಲೆ, ಗುಡಿ ಎಲ್ಲವೂ ನಡೆದು ಮುಟ್ಟುವಷ್ಟರಲ್ಲಿ ಇರಲೇಬೇಕಿತ್ತು. ಪಂಚೆ ಉಟ್ಟವರ ನಡಿಗೆಗೆ ಅಳೆದ ಊರು ಇದು. ಕಾರು ಆಮೇಲೆ ಬಂದು ನುಗ್ಗಿಕೊಂಡದ್ದು.

ಇಷ್ಟು ಹೇಳಿ ಸುಮ್ಮನಾಗುವ ಜಾಯಮಾನ ಅವರದ್ದಲ್ಲ. ಬಸವನಗುಡಿಯವರಿಗೂ ಮಲ್ಲೇಶ್ವರದವರಿಗೂ ಒಂದು ಏಟು ಕೊಡದಿದ್ದರೆ ಪಾಠ ಮುಗಿಯುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತಲ್ಲ, ಆ ಎರಡು ಬಡಾವಣೆಗಳು ಬೆಳೆದದ್ದು ಆಮೇಲೆ. 'ಅವರು ಇಲಿ ಸತ್ತಿದ್ದಕ್ಕೆ ಹೆದರಿ ಓಡಿ ಬಂದವರು. ನಾವು ಇಷ್ಟಪಟ್ಟು ಬಂದವರು' ಅನ್ನುತ್ತಾರೆ. ಬಸವನಗುಡಿಯ ನನ್ನ ನಾದಿನಿಗೆ ಈ ಮಾತು ಮುಟ್ಟಿಸಿದೆ. ಅವಳು ಸುಮ್ಮನಿರುತ್ತಾಳೆಯೇ? 'ನಿಮ್ಮ ಪೇಟೇಲಿ ಮಾಸ್ತಿ ಇದ್ರಾ? ವಿದ್ಯಾರ್ಥಿ ಭವನ ಇದೆಯಾ?' ಎಂದು ಶುರು ಮಾಡಿದಳು. ನಿಸಾರ್ ಅಹಮದರು 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ನಮ್ಮ ಬಜಾರಿನ ಹೆಸರು ಹಿಡಿದು 'ಮನಸು ಗಾಂಧಿಬಜಾರು' ಎಂದೇ ಹೆಸರಿಟ್ಟಿರಲಿಲ್ಲವೇ, ನಿಮ್ಮ ಪೇಟೆಯ ಹೆಸರು ಯಾವ ಸಂಕಲನದ ಮೇಲಿದೆ ಎಂದಳು. ಉತ್ತರ ಹೊಳೆಯಲಿಲ್ಲ. ಮಿಸ್ಸಿಗೆ ಬಂದು ಹೇಳಿದೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ: 'ಹೆಸರು ಅವರದ್ದಿರಲಿ, ಸಾಹಿತ್ಯ ಪರಿಷತ್ತು ಎಲ್ಲಿದೆ ಕೇಳು.'

ಅದು ಇರುವುದು ನಮ್ಮಲ್ಲಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪಂಪ ಮಹಾಕವಿ ರಸ್ತೆಯಲ್ಲಿದೆ. ಅಲ್ಲಿ ಪುಸ್ತಕ ಬಿಡುಗಡೆಗೆ ಹೋಗುವುದು ನಮಗೆ ಸಂಜೆಯ ವಾಯುವಿಹಾರದ ಒಂದು ಭಾಗ. ಭಾಷಣ ಚೆನ್ನಾಗಿದ್ದರೆ ಕೂರುತ್ತೇವೆ, ಉದ್ದವಾದರೆ ಎದ್ದು ಬರುತ್ತೇವೆ. ಬಂದದ್ದಕ್ಕೆ ಪೆಟ್ರೋಲು ಸುಟ್ಟಿಲ್ಲವಾದ್ದರಿಂದ ಕೊನೆಯ ತನಕ ಕೂತು ವಸೂಲಿ ಮಾಡಬೇಕೆಂಬ ಒತ್ತಡ ಇಲ್ಲ. ಇನ್ನು ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಮಕ್ಕಳ ಕೂಟವೂ ನಮ್ಮದೇ. ಅವರ ಕಾಲಕ್ಕೆ ಹೆಂಗಸೊಬ್ಬರು ಮಕ್ಕಳಿಗೆಂದೇ ಒಂದು ಜಾಗ ಕಟ್ಟಿದ್ದು ಸಣ್ಣ ಸಂಗತಿಯಲ್ಲ, ಇದನ್ನು ಮಾತ್ರ ಮಿಸ್ಸು ತಮಾಷೆಯಿಲ್ಲದೆ ಹೇಳುತ್ತಾರೆ.

ರಾಮನವಮಿ ಬಂತೆಂದರೆ ನಮ್ಮ ಗತ್ತೇ ಬೇರೆ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯವರು ಚಪ್ಪರ ಹಾಕಿ ತಿಂಗಳುಗಟ್ಟಲೆ ಸಂಗೀತ ಮಾಡಿಸುತ್ತಾರೆ. 1939ರಿಂದ ನಡೆದುಬಂದ ಪದ್ಧತಿ. ಎಂ.ಎಸ್. ಸುಬ್ಬುಲಕ್ಷ್ಮಿ ಅಂಥವರು ಹಾಡಿದ ಜಾಗ. ಅಲ್ಲಿ ಯಾರು ಹತ್ತಿರದವರು, ಯಾರು ದೂರದವರು ಅಂತ ಮುಖ ನೋಡಿ ಹೇಳುವುದು ಕಷ್ಟ, ಎದ್ದುಹೋಗುವುದು ನೋಡಿ ಹೇಳಬಹುದು. ತನಿ ಆವರ್ತನ ಶುರುವಾದ ಕೂಡಲೆ ಫೋನು ತೆಗೆದು ಕ್ಯಾಬ್ ಹುಡುಕುವವರು ದೂರದವರು. ಪಾಪ, ಮೃದಂಗದವರು ಅಷ್ಟು ಹೊತ್ತು ಕಾದದ್ದೇ ಆ ಹೊತ್ತಿಗೆ! ಮಂಗಳದ ತನಕ ಕೂತು, ಚಪ್ಪಲಿ ಮೆಟ್ಟಿ, 'ಕಲ್ಯಾಣಿ ಇನ್ನೂ ಸ್ವಲ್ಪ ಬೆಳೆಸಬಹುದಿತ್ತು' ಎಂದು ರಾಗ ಎಳೆಯುತ್ತಾ ನಡೆದು ಹೊರಡುವವರು ನಮ್ಮ ಕಡೆಯವರು. ಮಿಸ್ಸೂ ನಾನೂ ಮೂರನೇ ಮೇನಿನ ತಿರುವಿನ ತನಕ ವಾದ ಮಾಡಿ, ಅಲ್ಲಿ ನಿಂತು ಇನ್ನಷ್ಟು ವಾದ ಮಾಡಿ, ಮನೆ ಸೇರುತ್ತೇವೆ. ಕಛೇರಿಗಿಂತ ಈ ವಾದವೇ ಹೆಚ್ಚು ಹೊತ್ತು ನಡೆದದ್ದುಂಟು.

ತಿಂಡಿಯ ಮಾತು ಬಂದರೆ ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ ಇದೆಯಲ್ಲ, 1965ರಿಂದ ಇರುವುದು, ಅಲ್ಲಿಗೂ ಕಾಲೇ ಸಾಕು. ಇಡ್ಲಿ, ವಡೆ, ಚಟ್ನಿ. ಸಾಂಬಾರು ಕೇಳಬಾರದು, ಇಲ್ಲ. ಕೂರಲು ಜಾಗವನ್ನೂ ಕೇಳಬಾರದು. ನಿಂತೇ ತಿಂದು, ನಿಂತೇ ಕಾಫಿ ಕುಡಿದು ಬರಬೇಕು. ಹೊರಗಿನಿಂದ ಕಾರಿನಲ್ಲಿ ಬಂದವರು ನಿಲ್ಲಿಸಲು ಜಾಗ ಸಿಗದೆ ಸುತ್ತು ಹಾಕುತ್ತಿರುವಾಗ ನಾವು ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಿರುತ್ತೇವೆ. ಆ ಹೊತ್ತಿಗೆ ಮುಖದ ಮೇಲೆ ಒಂದು ಸಣ್ಣ ನಗು ಬರುತ್ತದೆ, ಅದು ಒಳ್ಳೆಯದಲ್ಲ ಅಂತ ಗೊತ್ತು. ಆದರೂ ಬರುತ್ತದೆ.

ಎಲ್ಲಕ್ಕಿಂತ ದೊಡ್ಡದು ಮಾರ್ಕೆಟ್ಟು. ಕೆ.ಆರ್. ಮಾರ್ಕೆಟ್ಟಿಗೆ ನಮ್ಮಿಂದ ನಡೆದರೆ ಹದಿನೈದು ನಿಮಿಷ, ಮಿಸ್ಸಿನ ಜೊತೆ ನಡೆದರೆ ಮುಕ್ಕಾಲು ಗಂಟೆ. ದಾರಿಯಲ್ಲಿ ಕೋಟೆ ವೆಂಕಟರಮಣನಿಗೆ ಕೈ ಮುಗಿಯಬೇಕು. ಪಕ್ಕದಲ್ಲೇ ಟಿಪ್ಪುವಿನ ಅರಮನೆ, 1791ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಮರದ ಕಂಬಗಳ ಬಗ್ಗೆ ಎರಡು ಮಾತು ಆಗಬೇಕು. ಆಮೇಲೆ ಕೋಟೆ ಬಾಗಿಲು. ಅಷ್ಟು ದೊಡ್ಡ ಕೋಟೆಯಲ್ಲಿ ಈಗ ಉಳಿದಿರುವುದು ಒಂದು ತುಂಡು ಅಷ್ಟೆ. 'ನೋಡಮ್ಮ, ಅರಮನೆ ಕಟ್ಟಿ ಮುಗಿಸಿದ ವರ್ಷವೇ, 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನುಗ್ಗಿತು. ಟಿಪ್ಪುವಿನ ಕಡೆಯವರು ಎಷ್ಟು ಜನ ಸತ್ತರು ಇಲ್ಲಿ' ಎಂದು ಅವರು ನಿಂತರೆ ಹಿಂದಿನಿಂದ ಬಸ್ಸು ಹಾರ್ನು ಹೊಡೆಯುತ್ತದೆ. ಹಾಗೇ ಮುಂದೆ ಬಂದು ಮಾರ್ಕೆಟ್ಟಿನೊಳಗೆ ಹೊಕ್ಕರೆ, ಇಲ್ಲಿ ಮೊದಲು ಸಿದ್ದಿಕಟ್ಟೆ ಅಂತ ಕೆರೆ ಇತ್ತು ಅಂತ ಇನ್ನೊಂದು ಪಾಠ. ನಾನು ಸೇವಂತಿಗೆಗೆ ಐದು ರೂಪಾಯಿ ಚೌಕಾಸಿ ಮಾಡುತ್ತಿರುವಾಗ ಕಾಲ ಕೆಳಗೆ ಕೆರೆ, ತಲೆಯ ಮೇಲೆ ಫಿರಂಗಿ. ಚೌಕಾಸಿಯಲ್ಲಿ ಸೋಲದೆ ಇನ್ನೇನಾಗುತ್ತದೆ?

ಹೂವಿನ ಮಾರ್ಕೆಟ್ಟು ನೋಡಬೇಕಾದ್ದು ಬೆಳಕು ಹರಿಯುವ ಮುಂಚೆ. ಮೂಟೆ ಮೂಟೆ ಸೇವಂತಿಗೆ, ಚೆಂಡುಹೂವು, ಸುಗಂಧರಾಜ, ಕಾಕಡ. ಅಲ್ಲಿ ಎಲ್ಲಾ ಕೇಜಿ ಲೆಕ್ಕ. ನಮ್ಮ ಬೀದಿಗೆ ಬರುವ ಹೊತ್ತಿಗೆ ಅದೇ ಹೂವು ಮಾಲೆಯಾಗಿ ಮೊಳದ ಲೆಕ್ಕಕ್ಕೆ ತಿರುಗಿರುತ್ತದೆ. ಹೂವಿನವಳ ಮೊಳ ಅವಳ ಮೊಳಕೈಯಷ್ಟೇ ಉದ್ದ, ನಮ್ಮ ಮೊಳಕೈ ಒಯ್ದರೂ ಲೆಕ್ಕಕ್ಕಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಕೇಳಿದರೆ ಮುಡಿಯುವುದೋ ಬ್ಯಾಂಕಿನಲ್ಲಿ ಇಡುವುದೋ ಅನ್ನಿಸುತ್ತದೆ. ಹಾಗಾಗಿ ಆ ವಾರ ಬೀದಿಯ ನಾಲ್ಕು ಮನೆಯವರು ಸೇರಿ ನಸುಕಿನಲ್ಲೇ ಹೋಗಿ ಕೇಜಿ ಲೆಕ್ಕದಲ್ಲಿ ತಂದು, ಜಗಲಿಯ ಮೇಲೆ ಕೂತು ಕಟ್ಟಿಕೊಳ್ಳುತ್ತೇವೆ. ಬರುವಾಗ ನ್ಯೂ ತರಗುಪೇಟೆಯಲ್ಲಿ ಬೆಲ್ಲದ ಅಚ್ಚು, ಬೇಳೆ. ಕೈಚೀಲ ಭಾರವಾದರೆ ಬಸ್ಸು ಇದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಎರಡು ಸ್ಟಾಪಿಗೆ ಬಸ್ಸು ಹತ್ತಲು ಸಂಕೋಚವೂ ಹೋಗಿದೆ. ಮಿಸ್ಸಿನ ಮಾತಿನಲ್ಲಿ ಹೇಳುವುದಾದರೆ, ಹೋಗುವಾಗ ಕಾಲು, ಬರುವಾಗ ಶಕ್ತಿ.

ಮಿಸ್ಸಿನ ಮಗ ಬಂದಾಗ ಇದನ್ನೆಲ್ಲ ವಿಜ್ಞಾನ ಮಾಡಿ ಹೇಳುತ್ತಾನೆ. ಪ್ಯಾರಿಸ್ಸಿನಲ್ಲಿ ಕಾರ್ಲೋಸ್ ಮೊರೆನೊ ಎಂಬ ಪ್ರೊಫೆಸರ್ ಇದ್ದಾರಂತೆ, ಹದಿನೈದು ನಿಮಿಷದ ನಗರ ಅಂತ ಅವರ ಸಿದ್ಧಾಂತ. ಮನೆಯಿಂದ ಹದಿನೈದು ನಿಮಿಷ ನಡೆದರೆ ಅಥವಾ ಸೈಕಲ್ ತುಳಿದರೆ ಬೇಕಾದ್ದೆಲ್ಲ ಸಿಗಬೇಕು ಅಂತ. 2020ರಲ್ಲಿ ಅಲ್ಲಿಯ ಮೇಯರು ಆನ್ ಇಡಾಲ್ಗೊ ಅದನ್ನೇ ಹಿಡಿದು ಚುನಾವಣೆ ಗೆದ್ದರಂತೆ. ಮಿಸ್ಸು ಎಲ್ಲವನ್ನೂ ಗಮನವಿಟ್ಟು ಕೇಳಿ, 'ಹದಿನೈದು ನಿಮಿಷದಲ್ಲಿ ಎಲ್ಲಾ ಸಿಗುತ್ತೆ ಅಂದ್ರೆ ಅಲ್ಲಿ ಮಾರ್ಕೆಟ್ ಮುಂದೆ ರಸ್ತೆ ದಾಟೋದಿಲ್ಲ ಅಂತ ಕಾಣುತ್ತೆ. ನಮಗೆ ಅದಕ್ಕೇ ಹದಿನೈದು ನಿಮಿಷ ಬೇಕು' ಅಂದರು.

ಮಗನ ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಅವನ ಅಪಾರ್ಟ್‌ಮೆಂಟಿನಲ್ಲಿ ನಡೆಯಲೆಂದೇ ಒಂದು ಪಥ ಇದೆ, ಕೆಂಪು ರಬ್ಬರು ಹಾಸಿದ್ದು. ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಅದರ ಮೇಲೆ ಸುತ್ತುತ್ತಾರೆ. ಎಲ್ಲಿಗೂ ಹೋಗದೆ ನಡೆಯುವುದು ಅಂದರೆ ಅದೇ. ಗುಡಿಯ ಪ್ರದಕ್ಷಿಣೆಯಲ್ಲಾದರೂ ಮಧ್ಯೆ ದೇವರಿರುತ್ತಾನೆ, ಇಲ್ಲಿ ಕ್ಲಬ್‌ಹೌಸು. ಇನ್ನು ಭಾನುವಾರ ಚರ್ಚ್ ಸ್ಟ್ರೀಟಿಗೆ ಹೋಗುತ್ತಾರೆ. ಅಲ್ಲಿ ಕಲ್ಲು ಹಾಸಿ ನಡೆಯಲು ಚೆನ್ನಾಗಿ ಮಾಡಿದ್ದಾರೆ, ಸುಳ್ಳಲ್ಲ. ಆದರೆ ನಡೆಯುವುದಕ್ಕೆ ಕಾರಿನಲ್ಲಿ ಹೋಗುವ ಜನರನ್ನು ಕಂಡರೆ ಚರಿತ್ರೆಯ ಮಿಸ್ಸಿಗೆ ನಗು ಬಾರದೇ ಇರುತ್ತದೆಯೇ?

ಹೊಗಳಿದ್ದು ಸಾಕು. ನಮ್ಮಲ್ಲಿ ನಡೆಯುವುದು ಹೂವಿನ ಹಾದಿ ಅಂತ ನೀವು ತಿಳಿದುಕೊಂಡರೆ ಕಷ್ಟ. ಫುಟ್‌ಪಾತಿನ ಮೇಲೆ ಹತ್ತು ಹೆಜ್ಜೆ ಸಲೀಸಾಗಿ ಇಟ್ಟವರು ಈ ಪೇಟೆಯಲ್ಲಿ ಇಲ್ಲ. ಮೊದಲು ಅಲುಗಾಡುವ ಚಪ್ಪಡಿ, ಆಮೇಲೆ ಇಲ್ಲದ ಚಪ್ಪಡಿ, ಮುಂದೆ ಟ್ರಾನ್ಸ್‌ಫಾರ್ಮರು, ಅದನ್ನು ಬಳಸಿದರೆ ಯಾರದೋ ಸ್ಕೂಟರು, ತಲೆ ಎತ್ತಿದರೆ ನೇತಾಡುವ ಕೇಬಲ್ಲು. ಮಿಸ್ಸು ಇದರ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಬಿಡದೆ ಅರ್ಜಿ ಬರೆಯುತ್ತಾರೆ. ಒಮ್ಮೆ ಉತ್ತರವೂ ಬಂತು, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಅಂತ. ಅದರಲ್ಲಿದ್ದ ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಫೈಲಿನಲ್ಲಿ ಇಟ್ಟಿದ್ದಾರೆ. ಚಪ್ಪಡಿ ಇವತ್ತಿಗೂ ಅಲುಗಾಡುತ್ತದೆ. ಬೀದಿಯವರಿಗೆಲ್ಲ ಅದರ ಯಾವ ಮೂಲೆ ಮೆಟ್ಟಬಾರದು ಅಂತ ಅಭ್ಯಾಸವಾಗಿದೆ. ಹೊಸಬರು ಮೆಟ್ಟಿದಾಗ ಬರುವ ಡಬ್ ಎಂಬ ಸದ್ದಿನಿಂದ ಯಾರೋ ಪರವೂರಿನವರು ಬಂದರು ಅಂತ ಮನೆಯೊಳಗೇ ತಿಳಿಯುತ್ತದೆ.

ಗಾಂಧಿಬಜಾರಿನ ಮುಖ್ಯ ರಸ್ತೆಯಲ್ಲಿ ಈಚೆಗೆ ಫುಟ್‌ಪಾತ್ ಅಗಲ ಮಾಡಿ ಕಲ್ಲು ಹಾಸಿದರು. ಕೆಲಸ ನಡೆಯುವಷ್ಟು ಕಾಲ ಅಲ್ಲಿನ ವ್ಯಾಪಾರಿಗಳು ಪಟ್ಟ ಪಾಡು ಪೇಪರಿನಲ್ಲೆಲ್ಲ ಬಂತು. ನಮ್ಮಲ್ಲೂ ಹಾಗೆ ಮಾಡಲಿ ಅನ್ನುವುದೋ ಬೇಡ ಅನ್ನುವುದೋ ಅಂತ ಕಾಂಪೌಂಡಿನ ಮೇಲೆ ನಾವು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಮಿಸ್ಸಿಗೆ ಮಂಡಿ ನೋವು ಶುರುವಾದ ಮೇಲೆ ಅವರು ಬೇಕು ಅನ್ನುವ ಕಡೆಗೆ ವಾಲಿದ್ದಾರೆ. ಸಮತಟ್ಟಾದ ಜಾಗದಲ್ಲಿ ನಡೆಯಿರಿ ಅಂದರಂತೆ ಡಾಕ್ಟರು. 'ನಮ್ಮ ಪೇಟೇಲಿ ಸಮತಟ್ಟಾದ ಜಾಗ ಅಂದ್ರೆ ಆಸ್ಪತ್ರೆ ಕಾರಿಡಾರ್ ಒಂದೇ, ಅಲ್ಲಿ ನಡೆಯೋಕೆ ಕಾಯಿಲೆ ಬರಬೇಕಲ್ಲ ಡಾಕ್ಟ್ರೇ' ಅಂದು ಬಂದಿದ್ದಾರೆ. ಮಾತೇನೋ ತಮಾಷೆಯದು. ಆದರೆ ಎಲ್ಲಾ ಕಾಲಳತೆಯಲ್ಲಿದೆ ಅನ್ನುವುದು ಕಾಲು ಗಟ್ಟಿ ಇರುವ ತನಕದ ಮಾತು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಇನ್ನೊಂದು ತೊಂದರೆ, ಇಲ್ಲಿ ಗುಟ್ಟು ಅನ್ನುವುದು ಉಳಿಯುವುದಿಲ್ಲ. ಕಾರಿನಲ್ಲಿ ಹೋಗುವವರು ಏನು ತಂದರು ಯಾರಿಗೆ ಗೊತ್ತಾಗಬೇಕು? ನಮ್ಮ ಕೈಚೀಲದಲ್ಲಿ ಇಣುಕುವ ನುಗ್ಗೇಕಾಯಿ ಇಡೀ ಬೀದಿಗೆ ಆ ದಿನದ ಅಡುಗೆ ಸಾರುತ್ತದೆ. ಮೂಲೆ ಮೆಡಿಕಲ್ಸಿನಲ್ಲಿ ಮಂಡಿ ನೋವಿನ ಎಣ್ಣೆ ಕೊಂಡರೆ ಸಂಜೆಯೊಳಗೆ ಮೂರು ಮನೆಯವರು ಮೂರು ಡಾಕ್ಟರ ವಿಳಾಸ ತರುತ್ತಾರೆ. ನನ್ನ ಮಗ ಸಿಗರೇಟು ಸೇದಿದ ಸುದ್ದಿ ನನಗೆ ತಲುಪಿದ್ದು ಇಸ್ತ್ರಿ ಗಾಡಿಯವರಿಂದ, ಅವನ ಬಾಯಿಯ ವಾಸನೆ ತಲುಪುವುದಕ್ಕೂ ಮುಂಚೆ. ಆಗ ಒಳ್ಳೆಯದೇ ಆಯಿತು ಅನ್ನಿಸಿತ್ತು. ಆಮೇಲೆ ಅದೇ ಇಸ್ತ್ರಿ ಗಾಡಿಯವರು ನನ್ನ ಹಳೇ ಸೀರೆಗಳ ಬಗ್ಗೆ ಅಭಿಪ್ರಾಯ ಹೇಳಲು ಶುರು ಮಾಡಿದಾಗ ಅಷ್ಟು ಒಳ್ಳೆಯದು ಅನ್ನಿಸಲಿಲ್ಲ. ಕೆಲವು ಸಾಮಾನಿಗೆ ನಾನು ಬೇಕೆಂದೇ ನಾಲ್ಕು ಕ್ರಾಸು ದಾಟಿ ಹೋಗುವುದುಂಟು. ಯಾವ ಸಾಮಾನು ಅಂತ ಕೇಳಬೇಡಿ.

ನೀರಿನ ವಿಷಯದಲ್ಲಿ ಮಾತ್ರ ದೂರು ಹೇಳಿದರೆ ದೇವರು ಮೆಚ್ಚುವುದಿಲ್ಲ. ಹಳೇ ಬಡಾವಣೆ, ಕಾವೇರಿ ನಲ್ಲಿ ಇದೆ, ದಿನ ಬಿಟ್ಟು ದಿನವಾದರೂ ಸಂಪು ತುಂಬುತ್ತದೆ. 2024ರ ಬೇಸಿಗೆಯಲ್ಲಿ ಊರಂಚಿನ ಬಡಾವಣೆಗಳು ಟ್ಯಾಂಕರಿನ ಹಿಂದೆ ಓಡಿದಾಗ ಮಿಸ್ಸಿನ ಮಗ ಸೊಸೆ ಮೊಮ್ಮಗಳು ಮೂವರೂ ಬಟ್ಟೆಯ ಮೂಟೆ ಸಮೇತ ಇಲ್ಲಿಗೇ ಬಂದಿದ್ದರು. ಹದಿನೆಂಟನೇ ಮಹಡಿಯಿಂದ ಇಳಿದು ಬಂದು ಹಳೇ ಮನೆಯ ಒಗೆಯುವ ಕಲ್ಲಿನ ಮುಂದೆ ನಿಂತರು. ಮಿಸ್ಸು ಆಗ ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದನ್ನು ಮಗ ಇವತ್ತಿಗೂ ಮರೆತಿಲ್ಲ.

ಪೇಟೆ ಹೀಗೇ ಇರುತ್ತದೆ ಅಂತಲೂ ಅಲ್ಲ. ನಮ್ಮ ಸಾಲಿನಲ್ಲೇ ಒಂದು ವಠಾರ ಇತ್ತು, ಒಂದೇ ನಲ್ಲಿಗೆ ಆರು ಮನೆ, ಆರು ಮನೆಗೂ ದಿನಾ ಜಗಳ, ಹಬ್ಬಕ್ಕೆ ಆರು ಮನೆಯದೂ ಎಳ್ಳು ಬೆಲ್ಲ. ಅದು ಹೋಗಿ ನಾಲ್ಕು ಅಂತಸ್ತಿನ ಪಿಜಿ ಬಂತು. ಎಲ್ಲೆಲ್ಲಿಂದಲೋ ಬಂದ ಹುಡುಗಿಯರು, ನರ್ಸಿಂಗು ಓದುವವರು, ಕೆಲಸಕ್ಕೆ ಮೆಟ್ರೋ ಹಿಡಿಯುವವರು. 2017ರಲ್ಲಿ ಮಾರ್ಕೆಟ್ಟಿನ ಹತ್ತಿರ ನೆಲದಡಿಯ ಸ್ಟೇಷನ್ನು ತೆರೆದ ಮೇಲೆ ಇವರ ಓಡಾಟ ಹೆಚ್ಚಾಯಿತು. ಬೀದಿಯ ಹಿರಿಯರು ಕೆಲವರು ಮೂಗು ಮುರಿದರು. ನನಗೆ ಹಾಗನ್ನಿಸುವುದಿಲ್ಲ. ಹಳೇ ಮನೆಗಳ ಎಷ್ಟೋ ಮಕ್ಕಳು ಸ್ಕೂಟರು ಇಲ್ಲದೆ ಮೂಲೆ ಅಂಗಡಿಗೂ ಹೋಗುವುದಿಲ್ಲ. ಈ ಹುಡುಗಿಯರು ಬೆಳಿಗ್ಗೆ ಸಂಜೆ ನಡೆಯುತ್ತಾರೆ, ಸೊಪ್ಪಿನ ಗಾಡಿ ನಿಲ್ಲಿಸಿ ಹರಕು ಮುರುಕು ಕನ್ನಡದಲ್ಲಿ ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಾರೆ, ಅಲುಗಾಡುವ ಚಪ್ಪಡಿಯನ್ನು ವಾರದೊಳಗೆ ಕಲಿತುಬಿಡುತ್ತಾರೆ. ಪೇಟೆ ಅವರ ಕಾಲಿನಲ್ಲಿ ಉಳಿದರೆ ಉಳಿಯಲಿ, ತಪ್ಪೇನು?

ಹೋದ ತಿಂಗಳು ಮಿಸ್ಸಿನ ಮಗ ಸಂಸಾರ ಸಮೇತ ಬಂದಿದ್ದ. ಈಗ ಅವನೂ ಕಾರು ತರುವುದಿಲ್ಲ. ವೈಟ್‌ಫೀಲ್ಡಿನಿಂದ ನೇರಳೆ ಲೈನು, ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನು, ಅಲ್ಲಿಂದ ಕಾಲು. ಮೊಮ್ಮಗಳು ಐದನೇ ಕ್ಲಾಸು. ಕೋಸಂಬರಿ ಮಾಡಲು ಕೂತ ಮಿಸ್ಸು ಹೆಸರುಬೇಳೆ ಸಾಲದು ಅಂತ ನೋಡಿ, ನೂರು ರೂಪಾಯಿ ಕೈಗಿಟ್ಟು, 'ಮೂಲೆ ಅಂಗಡಿಗೆ ಹೋಗಿ ಕಾಲು ಕೇಜಿ ತಗೊಂಬಾ ಪುಟ್ಟಾ' ಅಂದರು. ಮಗು ದಂಗಾಗಿ ಅಪ್ಪನ ಮುಖ ನೋಡಿತು. ಅವರ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಒಬ್ಬರೇ ಗೇಟು ದಾಟುವ ಹಾಗಿಲ್ಲ. ಮಗನೂ ಎದ್ದು ಚಪ್ಪಲಿ ಹಾಕಿಕೊಂಡ.

'ಕೂತ್ಕೋ' ಅಂದರು ಮಿಸ್ಸು, ಕ್ಲಾಸಿನ ದನಿಯಲ್ಲಿ. 'ನೀನು ಆ ವಯಸ್ಸಿಗೆ ಒಬ್ಬನೇ ಮಿಲ್ಲಿಗೆ ಹೋಗಿ ರಾಗಿ ಬೀಸಿಸ್ಕೊಂಡು ಬರ್ತಿದ್ದೆ.'

ಅವನು ಕೂತ, ಆದರೆ ಕೂತ ಹಾಗಿರಲಿಲ್ಲ. ಹುಡುಗಿ ಗೇಟು ದಾಟಿ ಕಣ್ಮರೆಯಾದಳು. ಎರಡು ನಿಮಿಷಕ್ಕೆ ಹೂವಿನವಳು ಗೇಟಿನಿಂದಲೇ, 'ಮಿಸ್ಸೇ, ನಿಮ್ಮ ಮೊಮ್ಮಗಳು ಅಂಗಡಿ ತಾವ ಅವ್ಳೆ' ಅಂದಳು. ಹಿಂದೆಯೇ ಇಸ್ತ್ರಿ ಗಾಡಿಯವರು ಬಟ್ಟೆಯ ಗಂಟು ಕೊಡಲು ಬಂದವರು, 'ಅಂಗಡೀಲಿ ರಶ್ಶು, ಲೈನಲ್ಲಿ ನಿಂತವ್ಳೆ' ಅಂದರು. ಕಾಂಪೌಂಡಿನ ಈಚೆ ನಿಂತು ನಾನು ಮಗನ ಮುಖ ನೋಡುತ್ತಿದ್ದೆ. ಅವನ ಕೈಯ ವಾಚಿನಲ್ಲಿ ಮಗಳು ಎಲ್ಲಿದ್ದಾಳೆ ಅಂತ ತೋರಿಸುವ ಏರ್ಪಾಡು ಇರಬಹುದು, ಅವಳು ಲೈನಿನಲ್ಲಿ ಎಷ್ಟನೆಯವಳು ಅಂತ ಹೇಳುವ ಏರ್ಪಾಡು ಇರಲಾರದು.

ಹುಡುಗಿ ಬಂದಳು. ತಂದದ್ದು ತೊಗರಿಬೇಳೆ.

'ಇದು ತೊಗರಿಬೇಳೆ ಪುಟ್ಟಾ, ಹೆಸರುಬೇಳೆ ಇಷ್ಟು ಚಿಕ್ಕದಿರುತ್ತೆ. ಹೋಗಿ ಬದಲಾಯಿಸ್ಕೊಂಡು ಬಾ, ಅವರೇನೂ ಅನ್ನಲ್ಲ.' ಸೊಸೆ, ಬಿಡಿ ಅತ್ತೆ, ನಾನು ಆರ್ಡರ್ ಮಾಡ್ತೀನಿ ಅಂತ ಫೋನು ತೆಗೆಯುವಷ್ಟರಲ್ಲಿ ಹುಡುಗಿ ಮತ್ತೆ ಗೇಟಿನ ಆಚೆ. ಈ ಸಲ ಓಡಿಕೊಂಡೇ ಹೋದಳು. ಚಪ್ಪಡಿ ಡಬ್ ಅಂದದ್ದು ನಮಗೆಲ್ಲ ಕೇಳಿಸಿತು.

ಬರುವಾಗ ಹೆಸರುಬೇಳೆ, ಸರಿಯಾದ ಚಿಲ್ಲರೆ, ಜೊತೆಗೆ ಸಮಾಚಾರ: 'ಅಜ್ಜಿ, ನಾಳೆ ನೀರು ಬರಲ್ವಂತೆ, ಎಲ್ಲೋ ಪೈಪ್ ಒಡೆದಿದೆಯಂತೆ. ಇವತ್ತೇ ಸಂಪ್ ತುಂಬಿಸ್ಕೋಬೇಕಂತೆ. ಅಂಗಡಿ ಅಂಕಲ್ ನಿಮಗೆ ಹೇಳು ಅಂದ್ರು.' ಆಮೇಲೆ ಕೈಯಲ್ಲಿದ್ದ ಚಿಲ್ಲರೆಯನ್ನು ಇನ್ನೂ ಕೊಡದೆ, ಒಂಟಿ ಕಾಲಲ್ಲಿ ಕುಣಿಯುತ್ತಾ ಕೇಳಿದಳು: 'ಇನ್ನೇನಾದ್ರೂ ಮರ್ತಿದೀರಾ?'

ಹಸಿಮೆಣಸಿನಕಾಯಿ ತುಂಬಿದ ಬಟ್ಟಲು ಮಿಸ್ಸಿನ ಪಕ್ಕದಲ್ಲೇ ಇತ್ತು, ನಾನು ಕಣ್ಣಾರೆ ನೋಡಿದ್ದೆ. ಅವರು ಅದರ ಮೇಲೆ ಮೆಲ್ಲಗೆ ತಟ್ಟೆ ಮುಚ್ಚಿ, 'ಅಯ್ಯೋ, ಹಸಿಮೆಣಸಿನಕಾಯಿ ಮರೆತೇಬಿಟ್ಟೆ ಕಣೇ' ಅಂದರು.